ಹತ್ತೊಂಬತ್ತನೇ ತಾರೀಖು

ಬೆಳಗಾವಿ ಡೇರಿಯ ಮೇಲ್ಮಹಡಿ.
ಆಗಸ್ಟ್ ತಿಂಗಳ ಹಾಲೆಲ್ಲ ನನ್ನ ಮುಂದೆ,
ಒಂದು ಹನಿಯೂ ಇಲ್ಲದೆ.
ಒಬ್ಬರು ಸುರಿದರೆ ಒಂದು ಸಾಲು:
ಸದಸ್ಯರ ನಂಬರು, ಲೀಟರು, ಫ್ಯಾಟು, ಹೊತ್ತು.
ಇಂಥವು ನಾಲ್ಕು ಲಕ್ಷದ ಮೇಲೆ.

ಸಾಹೇಬರಿಗೆ ಬೇಕಾದದ್ದು ಇಷ್ಟೇ: ದಿನಕ್ಕೆ ಎಷ್ಟು?
ಹೊತ್ತಿನ ಬಾಲ ಕತ್ತರಿಸಿದೆ,
ತಾಸು, ನಿಮಿಷ, ಸೆಕೆಂಡು ಉದುರಿದವು.
ಒಂದೇ ತಾರೀಖಿನವನ್ನು ಒಂದು ಗುಂಪು ಕಟ್ಟಿ
ಎಣಿಸು ಅಂದೆ.
ಎಣಿಸಿತು, ಚಹಾ ಆರುವುದರೊಳಗೆ.

ಮೊದಲ ಎಡವಟ್ಟು ನಸುಕಿನದು.
ಸತ್ತಿಯ ಭಾಗವ್ವ ಎದ್ದು ಹಿಂಡಿ
ಐದೂ ಹತ್ತಕ್ಕೆ ಸುರಿದ ಹಾಲು
ಹಿಂದಿನ ದಿನದ ಲೆಕ್ಕಕ್ಕೆ ಬಿದ್ದಿತ್ತು.
ಎಲ್ಲೋ ಕೂತ ಸರ್ವರಿನದು ಗ್ರೀನಿಚ್ ಗಡಿಯಾರ;
ಇಲ್ಲಿ ಕೋಳಿ ಕೂಗಿದರೂ ಅದಕ್ಕಿನ್ನೂ ನಿನ್ನೆ.
ನೊರೆ ಕೂಡ ಆರದ ಹಾಲು, ನಿನ್ನೆಯದಂತೆ!
ಐದೂವರೆ ತಾಸು ಕೂಡಿಸಿ
ಭಾಗವ್ವನ ಬೆಳಗನ್ನು ಭಾಗವ್ವನಿಗೆ ಮರಳಿಸಿದೆ.
ಅವಳಿಗೆ ಗೊತ್ತಿಲ್ಲ. ಎಮ್ಮೆಗೂ.

ಆಮೇಲೆ ಕಂಡದ್ದು, ಅದೇ ಸತ್ತಿ ಸಂಘದ್ದು:
ಹದಿನೇಳು: ಇನ್ನೂರ ಹನ್ನೊಂದು.
ಹದಿನೆಂಟು: ನೂರಾ ಎಂಬತ್ತು.
ಇಪ್ಪತ್ತು: ನೂರಾ ಆರು.
ನಡುವೆ ಸೊನ್ನೆ ಇದ್ದಿದ್ದರೆ ಸೊನ್ನೆ ಅನ್ನಬಹುದಿತ್ತು.
ಸಾಲೇ ಇಲ್ಲ.
ಬಂದ ಹುಡುಗರ ಹೆಸರನ್ನಷ್ಟೇ ಕೂಗಿ
ಹಾಜರಿ ಪುಸ್ತಕ ಮುಚ್ಚುವ ಮಾಸ್ತರ ಇದು.

ಕಾರ್ಯದರ್ಶಿ ಜಿನ್ನಪ್ಪ ಮಗದುಮ್ಮರಿಗೆ ಫೋನು ಹಚ್ಚಿದೆ.
"ಹತ್ತೊಂಬತ್ತಕ್ಕ ಮಶೀನ್ ಕೆಟ್ಟಿತ್ತೇನ್ರಿ?"
"ಮಶೀನ್ ಛಲೋ ಇತ್ರಿ ಬಾಯಾರ. ಹೊಳಿ ಬಂದಿತ್ತು.
ರಸ್ತಾದ ಮ್ಯಾಲ ನೀರು, ಟ್ಯಾಂಕರ್ ಆ ಕಡೀನ ನಿಂತ್ತು.
ಎರಡೂ ಹೊತ್ತು ಬಾಗಲಾ ತಗದು ಕುಂತಿದ್ನಿ,
ಬಂದವರಿಗೆ ಹೊಳ್ಳಿ ಹೋಗ್ರಿ ಅನ್ನಾಕ."
"ಹಂಗಾರ ಅಷ್ಟು ಹಾಲು?"
ತಂತಿಯ ಆ ತುದಿಯಲ್ಲಿ ಒಂದು ನಗು.
"ಮನಿಗೆ ಸಾಕಾಗಿ ಉಳದದ್ದಕ್ಕ ಕರಾ ಬಿಟ್ರರಿ ಮಂದಿ,
ಹಗ್ಗಾ ಬಿಚ್ಚಿ. ಎಳದು ಕಟ್ಟವ್ರು ಯಾರೂ ಇಲ್ಲ.
ಅವತ್ತೊಂದಿನ ಊರಾಗ
ಒಂದು ಕರಾನೂ ಒದರಲಿಲ್ಲ ನೋಡ್ರಿ."

ಲೆಕ್ಕವನ್ನು ಬುಡದಿಂದ ಹಾಕಿದೆ.
ಮೊದಲು ಬರೀ ತಾರೀಖುಗಳ ಒಂದು ಹಾಸು,
ಯಾರೂ ಸುರಿಯದಿದ್ದರೂ ಇರುವ ದಿನಗಳು, ಮೂವತ್ತೊಂದು.
ಅವು ಎಡಕ್ಕೆ. ಹಾಲು ಬಲಕ್ಕೆ, ಬಂದಷ್ಟು.
ಹತ್ತೊಂಬತ್ತರ ಎದುರು 'ಒಂದು' ಅಂತ ಬಂತು.
ಖಾಲಿ ಸಾಲನ್ನೇ ಎಣಿಸಿಬಿಟ್ಟಿತ್ತು, ಪಾಪ.
ಸಾಲನ್ನಲ್ಲ, ಹಾಲನ್ನು ಎಣಿಸು ಅಂದೆ.
ಆಗ ಬಂದು ಕೂತಿತು ಸೊನ್ನೆ,
ಹದಿನೆಂಟು, ಇಪ್ಪತ್ತರ ನಡುವೆ, ಸಂದಿಯಲ್ಲಿ.

ಷರಾ ಕಾಲಮ್ಮಿನಲ್ಲಿ 'ಟ್ಯಾಂಕರ್ ಬರಲಿಲ್ಲ' ಎಂದು ಬರೆದೆ.
ಅಳಿಸಿದೆ.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಬರೆದೆ.
ಕರುಗಳು ಕುಡಿದವು ಎಂದರೆ ಸಾಹೇಬರು
ಎಷ್ಟು ಲೀಟರು ಅಂತ ಕೇಳುತ್ತಾರೆ.