ಎರಡನೇ ಗೇಟು

ಟಿಳಕವಾಡಿಯ ಎರಡನೇ ಗೇಟು ಬಿತ್ತು.
ಮೆರವಣಿಗಿ ನನ್ನ ಸ್ಕೂಟರ್ ಹಿಂದ ಬಂದು ನಿಂತಿತು.
ಹೆಚ್ಚಂದ್ರ ನಲವತ್ತು ಮಂದಿ, ಒಂದು ಹಲಗಿ,
ಖಣದ ತುಂಡು ಕೂಡಿಸಿ ಹೊಲಿದ ಬಣ್ಣಬಣ್ಣದ ಬಾವುಟ.

ಹೆಲ್ಮೆಟ್ಟಿನ ಗಾಜು ಇಳಿಸಿದೆ.
ಒಳಗ ನನ್ನ ಉಸಿರಿನದ ಮಬ್ಬು.

ಬಾಜೂಕಿನ ಟಂಟಂದಾಂವ ನಕ್ಕ, ಆ ಮಾತು ಅಂದ.
ನನಗೇನು ಹೊಸದಲ್ಲ.
ಹಾಸ್ಟೆಲ್ಲಿನ ನಳದ ಕಟ್ಟಿ ಹತ್ರ
ಬಾಳೇಶಗ ಮೊದಲು ಅದನ್ನ ಅಂದಾಂವ ನಾನ.
ಹಿಂದಿನ ರಾತ್ರಿ ಅವನ ಕೈ ನನ್ನ ಕೈಯಾಗ ಬೆವತಿತ್ತು,
ಅದಕ್ಕ.
ಎಲ್ಲಾರೂ ನಕ್ಕರು. ಅಂವ ನಳಾನ ನೋಡಕೋತ ನಿಂತ,
ಬಕೀಟು ತುಂಬಿ ಚೆಲ್ಲಿದ ಮ್ಯಾಲೂ.

ಹನ್ನೊಂದು ವರ್ಷ
ಗಡ್ಡ ಕೆರಕೊಳ್ಳೂವಾಗ ಅದ ಮಾತು ಕನ್ನಡಿಗೆ ಅಂದೀನಿ,
ಬ್ಲೇಡಿನಷ್ಟು ತೆಳ್ಳನ ದನಿಯಾಗ.

ಮಿರಜ ಗಾಡಿ ಬಂತು. ಡಬ್ಬಿ ಮ್ಯಾಲ ಡಬ್ಬಿ, ಮುಗೀಲೇ ಇಲ್ಲ.
ಹಲಗಿ ಹುಡುಗಿ ಕೇಳಿದಳು: “ಅಣ್ಣಾ, ನೀರ ಅದಾವೇನ?”
ಡಿಕ್ಕಿ ತಗದು ಬಾಟಲಿ ಕೊಟ್ಟೆ.
ಕುಡದು, ನನ್ನ ಗಾಜಿನ ಮ್ಯಾಲ ಎರಡು ಬೆರಳಿಲೆ ಬಡದಳು,
ಬಾಗಲಾ ಬಡದಂಗ.

ಗೇಟು ಎದ್ದಿತು. ಹಿಂದ ಹಾರ್ನು.
ಸ್ಕೂಟರ್ ಬದಿಗೆ ಹಚ್ಚಿ
ಹೆಲ್ಮೆಟ್ ತಗದೆ. ಅಷ್ಟ.
ಬೆವತ ಕಿವಿಗೆ ಗಾಳಿ ಹತ್ತಿತು.

ಬಾಳೇಶಾ, ಟಂಟಂದಾಂವ ನನ್ನ ನೋಡಿದ.
ನಾನೂ ಅವನ್ನ ನೋಡಿದೆ,
ನಳದ ಕಡೆ ಅಲ್ಲ.