ಮೂರರ ಮೊದಲು ನಾಲ್ಕು

ಡಬ್ಬಿಯ ಮೇಲೆ ಬರೆದಿದ್ದದ್ದು ಭಕ್ತಿಪ್ರಧಾನ ಚಿತ್ರ.
ಒಳಗಿದ್ದವನು ಹೆಂಗಸಿನ ಟೋಪಿ ತೊಟ್ಟ ಒಬ್ಬ ಬಿಳಿಯ,
ಗಂಟಲಲ್ಲಿ ಹುರಿಗಡಲೆ ಸಿಕ್ಕಿದಂಥ ಮಾತು.
ಭದ್ರಾವತಿಯ ಟೆಂಟಿನಲ್ಲಿ ಅಷ್ಟೊತ್ತಿಗಾಗಲೇ
ಕಾಯಿ ಒಡೆದಾಗಿತ್ತು, ಕರ್ಪೂರ ಹತ್ತಿತ್ತು,
ಮುಂದಿನ ಸಾಲಿನ ಹೆಂಗಸರು ಕೈಮುಗಿದು ಕೂತಿದ್ದರು.

ದುಡ್ಡು ವಾಪಸ್ ಕೊಡುವುದು
ನಮ್ಮ ಸಾಹುಕಾರರ ಜಾತಕದಲ್ಲಿ ಇರಲಿಲ್ಲ.
"ಪೊನ್ನುರಂಗನ್ನ ಕರೀರಿ" ಅಂದರು.

ಬಂದ, ಫೌಂಡ್ರಿಯ ಮಸಿ ಇನ್ನೂ ಕಿವಿಯ ಹಿಂದೆ.
ಪರದೆಯ ಪಕ್ಕ ಸ್ಟೂಲು ಹತ್ತಿ, ಬಿದಿರು ಕೋಲು ಹಿಡಿದು
ಒಂದಕ್ಷರ ತಿಳಿಯದ್ದನ್ನು ಬಿಡಿಸತೊಡಗಿದ:
"ನೋಡ್ರಪ್ಪಾ, ಸಾಲಗಾರರಿಗೆ ಹೆದರಿ ಅತ್ತೆ ವೇಷ ಹಾಕವ್ನೆ.
ಆ ಮುದುಕ ಇವನ ಮೇಲೇ ಕಣ್ಣು ಹಾಕವ್ನೆ. ಬುದ್ಧಿ ಬೇಡ್ವಾ?"
ಕೈಮುಗಿದವರ ಕೈ ಬಾಯಿಗೆ ಹೋಯಿತು. ನಗು.

(ಆ ಭಾಷೆ ಆಫ್ರಿಕಾನ್ಸ್ ಅಂತ
ಬಹಳ ವರ್ಷದ ಮೇಲೆ ಯಾರೋ ಹೇಳಿದರು. ಇದ್ದೀತು.)

ಆಮೇಲೆ ತಪ್ಪಿದವನು ನಾನು.
ರೀಲು ಎತ್ತಿಕೊಡುವ ಹುಡುಗ, ಹನ್ನೊಂದು ವರ್ಷ,
ಮೂರರ ಮೊದಲು ನಾಲ್ಕು ಕೊಟ್ಟೆ.
ಅತ್ತೆ ಮಾಯ. ಕೋಟು ತೊಟ್ಟ ಗಂಡಸೊಬ್ಬ
ಇಗರ್ಜಿಯಲ್ಲಿ ಹುಡುಗಿಯ ಕೈ ಹಿಡಿದಿದ್ದಾನೆ.
"ಇವನ್ಯಾರೋ?" ನೆಲದವರು ಕೂಗಿದರು.
ಪೊನ್ನುರಂಗ ಎಂಜಲು ನುಂಗಿದ.
"ತಮ್ಮ! ಅವಳಿಜವಳಿ! ಅಣ್ಣನ ಜಾಗಕ್ಕೆ ತಮ್ಮ ಬಂದವ್ನೆ!"

ಮೂರು ಓಡಿತು. ಅತ್ತೆ ಮತ್ತೆ.
ಕನ್ನಡಿಯ ಮುಂದೆ ಕೂತು, ಯಾರೂ ಇಲ್ಲವೆಂದು,
ಮೆಲ್ಲಗೆ ಟೋಪಿ, ಮೆಲ್ಲಗೆ ಕೂದಲು ತೆಗೆದಿಟ್ಟಳು:
ಅದೇ ಕೋಟಿನ ಗಂಡಸು.
"ಅಣ್ಣನೂ ಇವನೇ! ತಮ್ಮನೂ ಇವನೇ!"
ಟೆಂಟಿನ ಗೂಟ ಅಲ್ಲಾಡುವಂತೆ ನಕ್ಕರು ಜನ.

ಕೋಲು ಕೆಳಗಿಳಿಯಿತು.
ಕಾರ್ಖಾನೆಯ ಹಾಜರಿಯಲ್ಲಿ ಅವನು ಏಳುಮಲೈ.
ಸತ್ತ ಅಣ್ಣನ ಹಿತ್ತಾಳೆ ಬಿಲ್ಲೆ ಅಂಗಿಗೆ ಸಿಕ್ಕಿಸಿ
ಒಂಬತ್ತು ವರ್ಷ ಆ ಕೂಗಿಗೆ "ಬಂದೆ ಸಾರ್" ಅಂದವನು.
ಅತ್ತಿಗೆಗೆ ಗೊತ್ತಿತ್ತು, ಓಣಿಗೆ ಗೊತ್ತಿತ್ತು,
ನಲ್ಲಿಯ ಸಾಲಿನಲ್ಲಿ ನಿಂತ ಕೊಡಗಳಿಗೂ ಗೊತ್ತಿತ್ತು.
ಕುರ್ಚಿ ಕ್ಲಾಸಿನಲ್ಲಿ ಕೂತಿದ್ದ
ಟೈಮಾಫೀಸಿನ ಷಡಕ್ಷರಪ್ಪನವರಿಗೆ?

ಪ್ರೊಜೆಕ್ಟರಿನ ಕಿರಕಿರ. ಬೆಳಕಿನಲ್ಲಿ ಬೀಡಿಹೊಗೆ.
ಪರದೆಯ ಮೇಲೆ ತುಟಿಗಳು ಸುಮ್ಮನೆ ಆಡುತ್ತಿದ್ದವು.
ಕತ್ತಲೊಳಗಿಂದ ಷಡಕ್ಷರಪ್ಪನವರ ಕೆಮ್ಮು, ಆಮೇಲೆ ದನಿ:
"ಹೇಳಯ್ಯಾ ಏಳುಮಲೈ, ಮುಂದೇನಾಯ್ತು?"

ಯಾರೂ ನಗಲಿಲ್ಲ.
ಅವನು ಸ್ಟೂಲಿನ ಮೇಲೆ ಒಮ್ಮೆ ಕಾಲು ಬದಲಿಸಿದ.
"ಮುಂದಿನದು ಆಗ್ಲೇ ನೋಡಿಬಿಟ್ರಲ್ಲಾ ಸಾರ್,
ಮದುವೆ."