ಮೌನ ಎಂದು ಬರೆದಲ್ಲಿ

ಸೈಕ್ಲೊಸ್ಟೈಲ್ ಪ್ರತಿ. ಪಿನ್ನು ತುಕ್ಕು ಹಿಡಿದು
ಪುಟಗಳ ಅಂಚಿಗೆಲ್ಲ ಹಂಚಿನ ಬಣ್ಣ.
ಎಪ್ಪತ್ತೆಂಟರಲ್ಲಿ ಇದೇ ನಾಟಕಕ್ಕೆ
ಪರದೆಯ ಮರೆಯಲ್ಲಿ ಕೂತು ಮಾತು ಎತ್ತಿಕೊಟ್ಟವಳು ನಾನು.
ಆಗ ಎರಡು ಜಡೆ, ಈಗ ಎರಡು ಕನ್ನಡಕ.

ರಷ್ಯದ ಕತೆ. ಒಂದು ನದಿ, ಅದಕ್ಕೊಂದು ಕಡವು,
ಕಡವಿನ ಯಜಮಾನ ಇಗ್ನಾತಿ ಸವೇಲ್ಯೆವಿಚ್.
ಮೂರನೇ ಅಂಕದಲ್ಲಿ ಸೇತುವೆಯಾಗುವ ಸುದ್ದಿ ಬರುತ್ತದೆ.
ಅವನು ಏನೂ ಹೇಳುವುದಿಲ್ಲ.
ಹಿಮ ಬೀಳುತ್ತದೆ. ಆಮೇಲೆ, 'ಚಹಾ ಆರಿತು.'
ಅಷ್ಟೆ. ಅಷ್ಟಕ್ಕೇ ಆವತ್ತು ಶೆಣೈ ಡಾಕ್ಟರು
ಕರವಸ್ತ್ರ ತೆಗೆದದ್ದು ನಾನು ಕಂಡಿದ್ದೇನೆ.

ಈಗಿನ ನಿರ್ದೇಶಕಿಗೆ ಇಪ್ಪತ್ತೇಳು. ಹೆಸರು ಪ್ರತೀಕ್ಷಾ,
ಕಾಯುವುದು ಮಾತ್ರ ಆಗದು.
'ಟೀಚರ್, ಜನ ಈಗ ಮೂರು ಗಂಟೆ ಕೂರುವುದಿಲ್ಲ.'
ಕಾಗದದ ಬದಲು ಮೊಬೈಲು, ಸಮೋವರಿನ ಬದಲು ಫ್ಲಾಸ್ಕು.
ಮೌನ ಎಂದು ನಲವತ್ತೊಂದು ಕಡೆ ಬರೆದಿತ್ತು;
ಹಸಿರು ಪೆನ್ನಿನಲ್ಲಿ ಹೊಡೆದು ಹೊಡೆದು ಒಂಬತ್ತು ಉಳಿಸಿದಳು.
ನಾನು ಬಾಯಿ ಬಿಡಲಿಲ್ಲ.
ಅದನ್ನೂ ಸೇರಿಸಿದರೆ ಹತ್ತು.

ಇಗ್ನಾತಿಯಾಗಿ ವಾಸು ಕುಂದರ್,
ಬೆಳಗಾಗುವ ಮುಂಚೆ ಧಕ್ಕೆಯಲ್ಲಿ ಮೀನು ಏಲಂ ಹಾಕುವವನು.
ಬಂಗುಡೆ ಬುಟ್ಟಿಗೆ ಕೂಗುವ ಹಾಗೇ
ಸವೇಲ್ಯೆವಿಚ್ ಒಂದು ಸಲ, ಸವೇಲ್ಯೆವಿಚ್ ಎರಡು ಸಲ
ಎನ್ನುತ್ತ ಹೆಸರನ್ನು ನಾಲಗೆಗೆ ಕೂರಿಸಿಕೊಂಡ.
ಮನೆ ಬೆಂಗ್ರೆ. ಕೊನೆಯ ಬೋಟು ಒಂಬತ್ತೂವರೆಗೆ.
ನಿಜ ಹೇಳಬೇಕೆಂದರೆ ನಾಟಕವನ್ನು
ಹಸಿರು ಪೆನ್ನಿಗಿಂತ ಹೆಚ್ಚು ಕತ್ತರಿಸಿದ್ದು ಆ ಬೋಟು.

ಹಿಮದ್ದೇ ತಾಪತ್ರಯ. ಥರ್ಮಕೋಲು ಪುಡಿ ಫ್ಯಾನಿನ ಗಾಳಿಗೆ
ಮುಂದಿನ ಸಾಲಿನವರ ಮೂಗಿಗೆ ಹೋಗುತ್ತದೆ.
ಕೊನೆಗೆ ಐಸ್‌ಪ್ಲಾಂಟಿನ ಹಸನಬ್ಬ
ಎರಡು ಕ್ರೇಟು ಐಸ್‌ಪುಡಿ ಪುಕ್ಕಟೆ ಕಳಿಸಿದ.
ಏಪ್ರಿಲ್ ತಿಂಗಳು, ಬೆನ್ನಿಗಂಟಿದ ಅಂಗಿ,
ರಷ್ಯದ ಮೇಲೆ ಬಿದ್ದ ಹಿಮಕ್ಕೆ
ಬೂತಾಯಿಯ ಸಣ್ಣ ವಾಸನೆ.
ಯಾರೂ ನಗಲಿಲ್ಲ.

ಸುದ್ದಿ ಬಂತು. ಮೊಬೈಲು ಮೇಜಿನ ಮೇಲೆ ನಡುಗಿ ಸುಮ್ಮನಾಯಿತು.
ವಾಸು ನಿಂತ.
ಉಳಿಸಿದ ಒಂಬತ್ತರಲ್ಲಿ ಇದೊಂದು; ಪಕ್ಕದಲ್ಲಿ ಹಸಿರಿನಲ್ಲಿ, ಮೂರು ಸೆಕೆಂಡು.
ಮೂರಾಯಿತು. ಹತ್ತಾಯಿತು.
ಮರೆತನೇ?
ನನ್ನ ತುಟಿಯ ಮೇಲೆ ಆ ಎರಡಕ್ಷರ ತಯಾರು.
ಎದುರು ಪರದೆಯಿಂದ ಪ್ರತೀಕ್ಷಾ ಕೈಬೀಸುತ್ತಾಳೆ, ಕೊಡಿ, ಕೊಡಿ.
ಕತ್ತಲಲ್ಲಿ ಒಂದೊಂದೇ ಫೋನಿನ ಬೆಳಕು ಆರಿತು.
'ಅಮ್ಮಾ, ಆಂಡಾ?' ಎಂದಿತು ಒಂದು ಮಗು, ಜೋರಾಗಿ.
ಯಾರೂ ಶ್ ಅನ್ನಲಿಲ್ಲ.
ವಾಸು ನದಿಯ ಕಡೆ ನೋಡುತ್ತಿದ್ದ. ಅಲ್ಲಿ ಇದ್ದದ್ದು
ಬೆಂಕಿ ನಂದಿಸುವ ಕೆಂಪು ಸಿಲಿಂಡರು.

ಪುಸ್ತಕ ಮುಚ್ಚಿದೆ.

ಎಷ್ಟು ಹೊತ್ತೋ. ಹಲಗೆಯಿಂದ ಹಿಮ ತೊಟ್ಟಿಕ್ಕುವುದು ಕೇಳುತ್ತಿತ್ತು.
ಆಮೇಲೆ ಬರೆದದ್ದನ್ನು ಬಿಟ್ಟು, ಮನೆಯಲ್ಲಿ ಹೇಳುವ ಹಾಗೆ,
'ಚಾ ತಣಿತು' ಎಂದ.

ಬೋಟು ತಪ್ಪಿತ್ತು. ಬಂದರಿನ ಕಟ್ಟೆಯಲ್ಲಿ ನಾವಿಬ್ಬರು,
ಅವನ ಕೆನ್ನೆಯಲ್ಲಿನ್ನೂ ಅರ್ಧ ಗಡ್ಡ.
'ಮರೆತದ್ದಾ ವಾಸು?' ಕೇಳಿದೆ.
ಅವನು ಬಾಯಿಗೆ ಕೈ ಅಡ್ಡ ಹಿಡಿದು
ಆಚೆ ದಡಕ್ಕೆ ಕೂಗಿದ, ಏಲಂನ ಗಂಟಲಲ್ಲಿ, ಯಾರದೋ ಹೆಸರು.
ದೂರದಲ್ಲಿ ಒಂದು ಟಾರ್ಚು ಹೊತ್ತಿ, ಆರಿ,
ಮತ್ತೆ ಹೊತ್ತಿತು.
ಇಂಜಿನಿನ ಸದ್ದು ಇನ್ನೂ ಎದ್ದಿರಲಿಲ್ಲ.